ಬುಡದಲ್ಲಿ ಹುಟ್ಟಿದ್ದು ಯಾರ ಕೂಸು?

ಹಿತ್ತಲ ಮರದ ಬುಡದಲ್ಲಿ ಚಿಗುರು ಕಂಡೊಡನೆ ಮಚ್ಚಿಗೆ ಕೈಯಿಕ್ಕುವವರೇ ಹೆಚ್ಚು. ಆದರೆ ಅದು ಕರಿಬೇವಿನದಾದರೆ ಭಾಗ್ಯ, ಕಸಿ ಸಪೋಟದ್ದಾದರೆ ಶತ್ರು, ಶ್ರೀಗಂಧದ್ದಾದರೆ ಕಾನೂನಿಗೂ ಸೇರಿದ ವಿಷಯ. ಮೊದಲು ಮರದ ಕುಲವನ್ನು ಕೇಳಬೇಕು. ಮಚ್ಚಿನ ಮಾತು ಆಮೇಲೆ.

ಕಾರ್ತಿಕಮಾಸದ ಬೆಳಗು. ಹಾಸನ ಜಿಲ್ಲೆಯ ಹಿರೀಸಾವೆಯ ಸುತ್ತಿನ ಹೊಲಗಳಲ್ಲಿ ರಾಗಿಯ ತೆನೆ ಕೊಯ್ಲಿಗೆ ಬಾಗಿ, ಅಕ್ಕಡಿಯ ಹುಚ್ಚೆಳ್ಳು ಹಳದಿಯನ್ನು ಚೆಲ್ಲಿ, ತೆಂಗಿನ ತೋಟಗಳ ಮೇಲಣ ಮಂಜು ಇನ್ನೂ ಕರಗದಿರುವ ಹೊತ್ತಿನಲ್ಲಿ, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಬಸ್ಸುಗಳ ಸದ್ದು ಊರೊಳಗಿನವರೆಗೂ ಕೇಳಿಬರುವಾಗ, ಹಳೆಯ ಮನೆಯೊಂದರ ಹಿತ್ತಲ ನೆಲವು ರಾತ್ರಿಯೆಲ್ಲ ಉದುರಿದ ಬಿಳಿಯ ಹೂಗಳಿಂದ ಮುಚ್ಚಿಹೋಗಿರುತ್ತದೆ. ಮನೆಯ ಹುಡುಗಿಯರು ಆ ಹೂಗಳ ನೀಳವಾದ ನಾಳಗಳನ್ನು ಒಂದರೊಡನೊಂದು ಜಡೆಯಂತೆ ಹೆಣೆದು, ದಾರದ ಹಂಗಿಲ್ಲದೆಯೇ ಮಾಲೆ ಕಟ್ಟುವರು.

ಅದೇ ವೇಳೆಗೆ ಯಜಮಾನನು ಮಚ್ಚು ಹಿಡಿದು ಹಿತ್ತಲಿಗೆ ಬರುವನು. ಆಷಾಢದಲ್ಲಿ ಬುಡದ ಸುತ್ತ ಎದ್ದಿದ್ದ ಚಿಗುರುಗಳನ್ನು ನೆಲಮಟ್ಟಕ್ಕೆ ಸವರಿಹಾಕಿ ನಿಶ್ಚಿಂತನಾಗಿದ್ದ ಅವನಿಗೆ, ಈಗ ಒಂದಿದ್ದೆಡೆಯಲ್ಲಿ ಮೂರು ಎದ್ದಿರುವುದೂ, ಅಷ್ಟು ಸಾಲದೆಂಬಂತೆ ಬಾವಿಕಟ್ಟೆಯ ಮಗ್ಗುಲಲ್ಲಿ, ಬಚ್ಚಲ ನೀರು ಹರಿಯುವ ಕಾಲುವೆಯ ಅಂಚಿನಲ್ಲಿ, ಕಡೆಗೆ ನೆರೆಮನೆಯವರ ಬೇಲಿಯ ಆಚೆಯಲ್ಲಿಯೂ ಹೊಸ ಚಿಗುರು ತಲೆಯೆತ್ತಿರುವುದೂ ಕಾಣುತ್ತದೆ.

ಇದಾವ ಮರವೆಂದು ಕೇಳಿದರೆ ನೆರೆದವರಲ್ಲಿ ಒಬ್ಬರು ಕಾಡುನುಗ್ಗೆ ಎನ್ನುವರು, ಇನ್ನೊಬ್ಬರು ಹೆಬ್ಬೇವಿನ ಜಾತಿಯೆನ್ನುವರು. ಹೂವನ್ನು ಕೈಗೆತ್ತಿಕೊಂಡ ಅಜ್ಜಿ ಮಾತ್ರ ‘ಆಕಾಶಮಲ್ಲಿಗೆ ಅಲ್ವೇನೋ’ ಎಂದು ವಾದವನ್ನು ಮುಗಿಸುವಳು. ಅದೇ ಹಿತ್ತಲಿನಲ್ಲಿ ಹತ್ತು ಹೆಜ್ಜೆಯಾಚೆ ಕರಿಬೇವಿನ ಗಿಡದ ಸುತ್ತಲೂ ಹೀಗೆಯೇ ಮರಿಗಳೆದ್ದಿರುತ್ತವೆ. ಅವನ್ನು ಯಾರೂ ಕಡಿಯುವುದಿಲ್ಲ. ಮಣ್ಣುಸಮೇತ ಕಿತ್ತು ಬಂಧುಗಳಿಗೆ ಕೊಡುವರು.

ಎರಡೂ ಬೇರಿನಿಂದ ಎದ್ದ ಚಿಗುರುಗಳೇ. ಒಂದಕ್ಕೆ ಮಚ್ಚು, ಇನ್ನೊಂದಕ್ಕೆ ಮನ್ನಣೆ. ಈ ಭೇದವು ಚಿಗುರಿನಲ್ಲಿಲ್ಲದೆ ಮರದಲ್ಲಿರುವುದರಿಂದ, ಹಾಗೂ ಮರವು ನೆಲಕ್ಕೆ ಬಂದ ಬಗೆಯಲ್ಲಿರುವುದರಿಂದ, ಬುಡದ ಚಿಗುರಿಗೆ ಸರ್ವಸಾಧಾರಣವಾದ ಚಿಕಿತ್ಸೆಯೊಂದುಂಟೆಂದು ನಂಬಿದವನು ಒಂದಲ್ಲ ಒಂದು ದಿನ ತನ್ನ ತೋಟಕ್ಕೆ ತಾನೇ ಕೇಡು ತಂದುಕೊಳ್ಳುವನು.

ಗುರುತು ಹಿಡಿಯುವ ಕ್ರಮ

ಮರದ ಗುರುತನ್ನು ಹೂವಿನಿಂದ ಹೇಳುವುದು ಸುಲಭ. ಆದರೆ ಹೂವು ವರ್ಷದಲ್ಲಿ ಕೆಲವೇ ವಾರಗಳ ಅತಿಥಿ. ಉಳಿದ ಕಾಲದಲ್ಲೆಲ್ಲ ಎಲೆ, ತೊಗಟೆ, ಹಾಲು, ವಾಸನೆ ಇವುಗಳನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ. ಎಲೆಗಳು ಕೊಂಬೆಯ ಮೇಲೆ ಎದುರುಬದುರಾಗಿ ಜೋಡಿಜೋಡಿಯಾಗಿವೆಯೋ ಒಂದಾದಮೇಲೊಂದು ಪರ್ಯಾಯವಾಗಿವೆಯೋ, ಎಲೆಯು ಇಡಿಯಾದುದೋ ಕಿರುಎಲೆಗಳಾಗಿ ಒಡೆದುದೋ, ಚಿವುಟಿದರೆ ಹಾಲು ಒಸರುವುದೋ ಇಲ್ಲವೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಹಿತ್ತಲಿನ ಬಹುಪಾಲು ಮರಗಳ ಮನೆತನವು ಗೊತ್ತಾಗಿಬಿಡುತ್ತದೆ.

ನಮ್ಮ ಹಿತ್ತಲಿನ ವಾದವನ್ನೇ ನೋಡಿ. ನುಗ್ಗೆ, ಹೆಬ್ಬೇವು, ಆಕಾಶಮಲ್ಲಿಗೆ ಈ ಮೂರರಲ್ಲಿಯೂ ಎಲೆಯು ಎರಡು ಮೂರು ಸಲ ಒಡೆದು ಗರಿಗರಿಯಾಗಿರುತ್ತದೆ; ದೂರದಿಂದ ನೋಡಿದವನಿಗೆ ಭ್ರಮೆ ಸಹಜವೇ. ಆದರೆ ನುಗ್ಗೆಯಲ್ಲಿಯೂ ಹೆಬ್ಬೇವಿನಲ್ಲಿಯೂ ಎಲೆಗಳು ಪರ್ಯಾಯವಾಗಿ ಬರುತ್ತವೆ. ಆಕಾಶಮಲ್ಲಿಗೆಯಲ್ಲಿ ಮಾತ್ರ ಎರಡೆರಡು ಎಲೆಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಇದರೊಡನೆ ಬೂದುಬಣ್ಣದ, ಸೀಳುಸೀಳಾದ, ಉಗುರಿನಿಂದ ಒತ್ತಿದರೆ ಮೆತ್ತಗೆ ತಗ್ಗುವ ಬೆಂಡಿನಂಥ ತೊಗಟೆಯನ್ನು ನೋಡಿದಮೇಲೆ ಸಂಶಯಕ್ಕೆಡೆಯಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಆವಶ್ಯಕ. ಮರದ ಗುರುತನ್ನು ಬುಡದ ಚಿಗುರಿನ ಎಲೆಯಿಂದ ಹೇಳಬಾರದು. ಎಳೆಯ ಚಿಗುರು ತನ್ನ ತಾಯಿಮರದ ಮೇಲಣ ಎಲೆಯನ್ನು ಹೋಲಲೇಬೇಕೆಂಬ ನಿಯಮವಿಲ್ಲ. ಹಲಸಿನ ಎಳೆಚಿಗುರಿನಲ್ಲಿ ಎಲೆಯು ಎರಡು ಮೂರು ಹಾಳೆಗಳಾಗಿ ಸೀಳಿರುವುದುಂಟು. ದೊಡ್ಡ ಮರದ ಎಲೆಯಾದರೋ ಸೀಳಿಲ್ಲದ ಇಡಿಯ ಎಲೆ. ನೀಲಗಿರಿಯ ಮೋಟಿನಿಂದೆದ್ದ ಚಿಗುರಿನ ಎಲೆ ಅಗಲವಾಗಿರುತ್ತದೆ. ಬೆಳೆದ ಮರದ ಎಲೆ ಕುಡುಗೋಲಿನಂತೆ ಕಿರಿದಾಗಿ ಬಾಗಿರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಬೇರೆಬೇರೆ ಮರಗಳೆಂದು ಪ್ರಮಾಣಮಾಡುವವರೂ ಉಂಟು.

ಗಿಡಮರಗಳ ಗುರುತಿನ ವಿಷಯದಲ್ಲಿ ಹಾಸನದವರು ಭಾಗ್ಯಶಾಲಿಗಳು. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಜೆಸ್ವಿಟ್ ಪಾದ್ರಿ ಸಿಸಿಲ್ ಸಲ್ಡಾನ್ಹಾ ಅವರೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಅವರೂ ಸೇರಿ ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ಎಂಬ ಬೃಹದ್ಗ್ರಂಥವು 1976ರಲ್ಲಿ ಪ್ರಕಟವಾಯಿತು. ಒಂದೇ ಒಂದು ಜಿಲ್ಲೆಯ ಸಸ್ಯಸಂಪತ್ತನ್ನು ಗುರುತಿನ ಕೀಲಿಗಳೊಡನೆ ಇಷ್ಟು ವಿಸ್ತಾರವಾಗಿ ಬಣ್ಣಿಸಿದ ಗ್ರಂಥಗಳು ಈ ದೇಶದಲ್ಲಿ ವಿರಳ. ಅದೇ ವರ್ಷ ಕನ್ನಡದಲ್ಲಿ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಬೆಳಕು ಕಂಡು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ವಿದ್ವಾಂಸರಿಗೆ ಮೊದಲನೆಯದು, ವಿದ್ಯಾರ್ಥಿಗಳೊಡನೆ ಕಾಡುಮೇಡು ತಿರುಗುತ್ತ ಗಿಡದ ಪರಿಚಯವನ್ನೇ ವಿನೋದವನ್ನಾಗಿಸಿಕೊಳ್ಳಬಯಸುವವರಿಗೆ ಎರಡನೆಯದು.

ಬ್ರಹ್ಮದೇಶದ ಅತಿಥಿ

ಆಕಾಶಮಲ್ಲಿಗೆ ನಮ್ಮ ಕಾಡಿನ ಮರವಲ್ಲ. ಬ್ರಹ್ಮದೇಶ ಮತ್ತು ಅದರಾಚೆಯ ಆಗ್ನೇಯ ಏಷ್ಯಾದಿಂದ ಬಂದು, ನೆಟ್ಟಗೆ ಎತ್ತರಕ್ಕೇಳುವ ಠೀವಿಯಿಂದಲೂ ಇರುಳಲ್ಲಿ ಬೀರುವ ಪರಿಮಳದಿಂದಲೂ ನಮ್ಮ ಉದ್ಯಾನಗಳಲ್ಲಿ, ಶಾಲೆಗಳ ಅಂಗಳದಲ್ಲಿ, ಹಾದಿಯ ಇಕ್ಕೆಲಗಳಲ್ಲಿ ನೆಲೆಯೂರಿತು. ಶಾಸ್ತ್ರದಲ್ಲಿ ಇದರ ಹೆಸರು ಮಿಲಿಂಗ್ಟೋನಿಯಾ ಹಾರ್ಟೆನ್ಸಿಸ್. ತನ್ನ ಕುಲದಲ್ಲಿ ಇದೊಂದೇ ಪ್ರಭೇದ, ಅಣ್ಣತಮ್ಮಂದಿರಿಲ್ಲ.

ಮಿಲಿಂಗ್ಟನ್ ಎಂಬುವನು 17ನೆಯ ಶತಮಾನದ ಆಂಗ್ಲ ವೈದ್ಯ. ಹೂವಿನ ಕೇಸರಗಳು ಸಸ್ಯದ ಪುರುಷಾಂಗಗಳೆಂಬ ಸೂಚನೆಯನ್ನು ತನಗೆ ಕೊಟ್ಟವನು ಇವನೇ ಎಂದು ನೆಹೆಮಿಯಾ ಗ್ರೂ ಎಂಬ ವಿಜ್ಞಾನಿ 1682ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬರೆದಿರುವನು. ಸಸ್ಯಗಳಿಗೂ ದಾಂಪತ್ಯವುಂಟೆಂದು ಊಹಿಸಿದ ಆ ಮಹಾಶಯನ ಹೆಸರನ್ನು ಹೊತ್ತ ಈ ಮರವಾದರೋ ನಮ್ಮ ಸೀಮೆಯಲ್ಲಿ ಕಾಯಿಕಟ್ಟುವುದೇ ಅಪರೂಪವಾಗಿ, ದಾಂಪತ್ಯದ ಗೊಡವೆಗೆ ಹೋಗದೆ, ಬೇರಿನ ಚಿಗುರಿನಿಂದಲೇ ಸಂಸಾರವನ್ನು ಬೆಳೆಸುತ್ತಿದೆ. ಬೀಜದ ದಾರಿ ಮುಚ್ಚಿರುವಲ್ಲಿ ಬೇರಿನ ದಾರಿ ಹಿಡಿದಿರುವುದರಿಂದ, ಹಿತ್ತಲ ಯಜಮಾನನನ್ನು ಕಾಡುವ ಆ ಚಿಗುರೇ ಮರದ ಪಾಲಿಗೆ ವಂಶೋದ್ಧಾರಕ.

ಚಿಗುರು ಏಕೆ ಏಳುತ್ತದೆ?

ಮರದ ತುದಿಯಲ್ಲಿರುವ ಬೆಳೆಯುವ ಕುಡಿಯು ಆಕ್ಸಿನ್ ಎಂಬ ರಸವನ್ನು ಕೆಳಮುಖವಾಗಿ ಕಳುಹಿಸುತ್ತಿರುತ್ತದೆ. ಆ ರಸದ ಪ್ರಭಾವವಿರುವವರೆಗೆ ಕೆಳಗಿನ ಸುಪ್ತ ಮೊಗ್ಗುಗಳು ತಲೆಯೆತ್ತುವುದಿಲ್ಲ. 1930ರ ದಶಕದಲ್ಲಿ ಕೆನೆತ್ ಥೀಮನ್ ಮತ್ತು ಫೋಲ್ಕೆ ಸ್ಕೂಗ್ ಎಂಬ ವಿಜ್ಞಾನಿಗಳು ಸಸಿಯ ತುದಿಯನ್ನು ಚಿವುಟಿ, ಗಾಯದ ಮೇಲೆ ಆಕ್ಸಿನ್ ಅನ್ನು ಇಟ್ಟು ನೋಡಿದರು. ತುದಿಯಿಲ್ಲದಿದ್ದರೂ ಕೆಳಗಿನ ಮೊಗ್ಗುಗಳು ನಿದ್ರೆಯಲ್ಲಿಯೇ ಉಳಿದುವು. ಆಕ್ಸಿನ್ ಇಡದ ಸಸಿಗಳಲ್ಲಿ ಮೊಗ್ಗುಗಳು ಎದ್ದುವು. ತುದಿಯ ಈ ಹತೋಟಿಗೆ ಅಗ್ರಪ್ರಾಬಲ್ಯವೆಂದು ಹೆಸರು.

ಮರದ ನೆತ್ತಿಯನ್ನು ಕಡಿದಾಗ, ಗಾಳಿಗೆ ಕಾಂಡ ಮುರಿದಾಗ, ತೊಗಟೆಯನ್ನು ಸುತ್ತಲೂ ಸುಲಿದಾಗ, ಗುದ್ದಲಿಯ ಪೆಟ್ಟು ಬೇರಿಗೆ ಬಿದ್ದಾಗ ಈ ಶಾಸನವು ಸಡಿಲವಾಗುತ್ತದೆ. ಬುಡದಲ್ಲಿ ಹುದುಗಿದ್ದ ಮೊಗ್ಗುಗಳು ಏಳುತ್ತವೆ, ಬೇರಿನ ಮೇಲೆ ಮೊದಲಿರದಿದ್ದ ಹೊಸ ಮೊಗ್ಗುಗಳೂ ಹುಟ್ಟುತ್ತವೆ. ಆದುದರಿಂದಲೇ ಆಷಾಢದಲ್ಲಿ ಚಿಗುರು ಕಡಿದು, ಬುಡವನ್ನು ಆಳವಾಗಿ ಅಗೆದು ‘ಶುಚಿ’ ಮಾಡಿದವನ ಹಿತ್ತಲಿನಲ್ಲಿ ಕಾರ್ತಿಕಕ್ಕೆ ಚಿಗುರು ಮೂರ್ಮಡಿಯಾಗಿರುವುದು.

ಚಿಗುರು ಮರದ ಕಾಯಿಲೆಯನ್ನು ಸೂಚಿಸುವುದೂ ಉಂಟು. ಎಂದೂ ಬುಡದಲ್ಲಿ ಚಿಗುರದಿದ್ದ ಮಾವಿನ ಮರವು ಇದ್ದಕ್ಕಿದ್ದಂತೆ ಚಿಗುರತೊಡಗಿದರೆ ಕತ್ತರಿಯನ್ನು ಹುಡುಕುವುದಕ್ಕೆ ಮುಂಚೆ ಕಾಂಡವನ್ನು ಪರೀಕ್ಷಿಸಬೇಕು. ಕಾಂಡಕೊರಕ ಹುಳುವಿನ ತೂತು, ಅದರಿಂದುದುರಿದ ಮರದ ಪುಡಿ, ಬುಡಕ್ಕೆ ಸುತ್ತ ಹಾಕಿದ ಸಿಮೆಂಟಿನ ಕಟ್ಟೆ, ಮನೆ ಕಟ್ಟುವಾಗ ಸುರಿದ ಮಣ್ಣಿನ ರಾಶಿ ಇವುಗಳಲ್ಲೊಂದು ಬಹುಮಟ್ಟಿಗೆ ಸಿಕ್ಕೇ ಸಿಗುತ್ತದೆ. ಮೇಲಿನ ಜೀವ ಕುಂದುತ್ತಿರುವಾಗ ಮರವು ಕೆಳಗಿನಿಂದ ಮತ್ತೆ ಬದುಕಲು ಮಾಡುವ ಯತ್ನವದು.

> ಬೆರಳಿಗೆ ನಾಲ್ಕು ಉತ್ತರ
>
> ಚಿಗುರಿನ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿದರೆ ನಾಲ್ಕರಲ್ಲೊಂದು ಕಾಣುತ್ತದೆ.
>
> • ನೇರವಾಗಿ ಕೆಳಕ್ಕಿಳಿದ ಸ್ವಂತ ತಾಯಿಬೇರು: ಇದು ಚಿಗುರಲ್ಲ, ಹಕ್ಕಿಯೋ ಗಾಳಿಯೋ ತಂದ ಬೀಜದ ಸಸಿ. ಬೇರೆ ಮರವೇ ಆಗಿರಬಹುದು.
>
> • ಅಡ್ಡಲಾಗಿ ಹರಿದ ಬೇರಿನ ಮೇಲಿಂದ ಎದ್ದುದು: ಬೇರುಚಿಗುರು. ಕರಿಬೇವು, ಆಕಾಶಮಲ್ಲಿಗೆ, ಶ್ರೀಗಂಧ.
>
> • ಕಾಂಡದ ಬುಡದಿಂದ, ಕಸಿಗಂಟಿಗಿಂತ ಕೆಳಗೆ ಎದ್ದುದು: ಬೇರುಸಸಿಯ ಚಿಗುರು. ಕಸಿ ಮಾವು, ಕಸಿ ಸಪೋಟ.
>
> • ಕಾಂಡದ ಬುಡದಿಂದಲೇ, ಆದರೆ ಕಸಿಯಿಲ್ಲದ ಗಿಡದಲ್ಲಿ: ಸ್ವಂತ ಚಿಗುರು. ದಾಳಿಂಬೆ, ಗೂಟಿಯ ಸೀಬೆ.

ಸಪೋಟದ ಮನೆಯಲ್ಲಿ ಖಿರ್ನಿಯ ಆಳ್ವಿಕೆ

ಬುಡದ ಚಿಗುರು ನಿಜವಾಗಿ ಶತ್ರುವಾಗುವುದು ಕಸಿಮರದಲ್ಲಿ. 1960ರ ದಶಕದಲ್ಲಿ ಡಾ. ಎಂ. ಎಚ್. ಮರಿಗೌಡರ ನೇತೃತ್ವದಲ್ಲಿ ರಾಜ್ಯದ ತೋಟಗಾರಿಕೆಯು ಲಾಲ್‌ಬಾಗಿನ ಬೇಲಿಯನ್ನು ದಾಟಿ ಹಳ್ಳಿಗಳಿಗೆ ನಡೆದು, ತಾಲ್ಲೂಕು ತಾಲ್ಲೂಕುಗಳಲ್ಲಿ ಸಸ್ಯಕ್ಷೇತ್ರಗಳು ಏರ್ಪಟ್ಟ ತರುವಾಯ, ಕಸಿ ಮಾವು, ಕಸಿ ಸಪೋಟಗಳು ಶ್ರೀಮಂತರ ತೋಟದಿಂದ ಸಾಮಾನ್ಯ ರೈತನ ಹಿತ್ತಲಿಗೆ ಬಂದುವು. ಗಿಡ ಬಂತು, ಅದರೊಡನೆ ಬರಬೇಕಾಗಿದ್ದ ತಿಳಿವಳಿಕೆ ಎಲ್ಲರ ಮನೆಗೂ ಬರಲಿಲ್ಲ.

ಸಪೋಟವು ಮಧ್ಯ ಅಮೆರಿಕದ ಮರ. ಅದನ್ನು ನಮ್ಮಲ್ಲಿ ಖಿರ್ನಿಯೆಂಬ ಈ ದೇಶದ್ದೇ ಆದ ಮರದ ಸಸಿಯ ಮೇಲೆ ಕಸಿಮಾಡುವುದು ವಾಡಿಕೆ. ಎರಡೂ ಹಾಲು ಒಸರುವ ಒಂದೇ ಕುಟುಂಬದವು. ಖಿರ್ನಿಯ ಬೇರು ಬರವನ್ನು ತಾಳುತ್ತದೆ, ದೀರ್ಘಾಯುಷ್ಯವನ್ನು ಕೊಡುತ್ತದೆ. ಚನ್ನರಾಯಪಟ್ಟಣದ ಬಯಲಿನ ಕೆಂಪುಮಣ್ಣಿಗೆ ಇಂಥ ಬೇರೇ ತಕ್ಕುದು. ಹೀಗಾಗಿ ನಾವು ನೆಟ್ಟ ‘ಕ್ರಿಕೆಟ್ ಬಾಲ್’, ‘ಕಾಲಿಪತ್ತಿ’, ಅಥವಾ ಇವೆರಡರ ಸಂಕರದಿಂದ ಧಾರವಾಡದಲ್ಲಿ ಹುಟ್ಟಿದ ‘ಡಿಎಚ್‌ಎಸ್-1’ ನೆಲದ ಮೇಲೆ ಮಾತ್ರ ಸಪೋಟ. ನೆಲದ ಕೆಳಗೆ ಖಿರ್ನಿ.

ಬೇರಿನ ಖಿರ್ನಿಯು ತಾನೂ ಒಂದು ಮರವೆಂಬುದನ್ನು ಮರೆತಿರುವುದಿಲ್ಲ. ಬೇಸಗೆಯಲ್ಲಿ ಮೇಲಣ ಕಸಿಕೊಂಬೆ ಬಾಡಿದಾಗ, ಮೇಕೆ ಬಂದು ಕುಡಿಯನ್ನು ಮೇದಾಗ, ಕಸಿಗಂಟಿನ ಕೆಳಗಿಂದ ಅದರ ಚಿಗುರು ಏಳುತ್ತದೆ. ಗಿಡ ಬದುಕಿತೆಂದು ಹಿಗ್ಗಿ ನೀರೆರೆದವನು, ವರ್ಷಗಳು ಕಳೆದಮೇಲೆ ತನ್ನ ಸಪೋಟದ ಮರದಲ್ಲಿ ಬೇವಿನ ಹಣ್ಣನ್ನು ಹೋಲುವ ಸಣ್ಣ ಹಳದಿ ಹಣ್ಣುಗಳು ಬಿಟ್ಟಿರುವುದನ್ನು ಕಂಡು ಸಸಿ ಮಾರಿದವನನ್ನು ಶಪಿಸುವನು. ಮಾರಿದವನ ಅಪರಾಧವೇನೂ ಇಲ್ಲ. ಸಪೋಟ ಎಂದೋ ಸತ್ತು, ಖಿರ್ನಿ ಪಟ್ಟಕ್ಕೆ ಬಂದಿದೆ.

ಗುರುತು ಕಷ್ಟವಲ್ಲ. ಸಪೋಟದ ಎಲೆ ಎರಡು ಕಡೆಗೂ ಚೂಪಾಗಿ, ಕೊಂಬೆಯ ತುದಿಯಲ್ಲಿ ಗೊಂಚಲುಗೂಡಿರುತ್ತದೆ. ಖಿರ್ನಿಯ ಎಲೆ ತುದಿಯಲ್ಲಿ ದುಂಡಾಗಿ, ನಡುವೆ ಸಣ್ಣದೊಂದು ಕಚ್ಚಿನಂಥ ತಗ್ಗನ್ನು ಹೊಂದಿರುತ್ತದೆ. ಆ ಕಚ್ಚುಳ್ಳ ಎಲೆಯು ಬುಡದಲ್ಲಿ ಕಂಡ ದಿನವೇ, ಚಿಗುರು ಎಳೆಯದಾಗಿರುವಾಗಲೇ, ಹೆಬ್ಬೆರಳಿನಿಂದ ಒತ್ತಿ ಬುಡಸಹಿತ ಕಿತ್ತೊಗೆಯಬೇಕು.

ಮಾವಿನಲ್ಲಿ ಈ ಸೌಲಭ್ಯವಿಲ್ಲ. ಬಾದಾಮಿಯನ್ನೋ ರಸಪುರಿಯನ್ನೋ ಕಸಿಮಾಡಿರುವುದು ನಾಟಿ ಮಾವಿನ ಓಟೆಯಿಂದ ಹುಟ್ಟಿದ ಸಸಿಯ ಮೇಲೆ. ಎರಡರ ಎಲೆಯೂ ಮಾವಿನ ಎಲೆಯೇ. ಇಲ್ಲಿ ಕಣ್ಣು ಎಲೆಯನ್ನು ಬಿಟ್ಟು ಕಸಿಗಂಟನ್ನು ಹುಡುಕಬೇಕು. ಗಿಡ ನೆಡುವಾಗಲೇ ಆ ಗಂಟು ನೆಲಕ್ಕಿಂತ ಮೇಲಿರುವಂತೆ ನೋಡಿಕೊಂಡಿದ್ದವನಿಗೆ ಮುಂದೆ ಸಂದೇಹವೇ ಬರುವುದಿಲ್ಲ: ಗಂಟಿನ ಕೆಳಗಿನದು ಪರಕೀಯ, ಮೇಲಿನದು ಸ್ವಕೀಯ.

ಮನ್ನಣೆಗೆ ಪಾತ್ರವಾದ ಮರಿಗಳು

ಕರಿಬೇವಿಗೆ ಕಸಿಯ ರಗಳೆಯಿಲ್ಲ. ಬೇರಿನಿಂದೆದ್ದ ಮರಿಯು ಎಲೆಯಲ್ಲಿಯೂ ಘಮದಲ್ಲಿಯೂ ತಾಯಿಯೇ. ಬೀಜದಿಂದ ಹುಟ್ಟಿದ ಸಸಿಯಲ್ಲಿ ವ್ಯತ್ಯಾಸ ತೋರಬಹುದು. ಬೇರಿನ ಮರಿಯಲ್ಲಿ ಆ ಭಯವಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದ ‘ಸುವಾಸಿನಿ’ಯಂಥ ಒಳ್ಳೆಯ ತಳಿ ಹಿತ್ತಲಿನಲ್ಲಿದ್ದರೆ ಅದರ ಮರಿಗಳನ್ನು ಕಡಿಯುವುದು ಗಂಟನ್ನು ಬೀದಿಗೆಸೆದಂತೆ. ಮರಿಯನ್ನು ಪಡೆಯತಕ್ಕ ಕ್ರಮವಿಷ್ಟೇ: ಮುಂಗಾರು ಹಿಡಿದಾಗ ತಾಯಿಗೂ ಮರಿಗೂ ನಡುವಣ ಬೇರನ್ನು ಕತ್ತರಿಸಿ, ಮರಿಯನ್ನು ಇದ್ದಲ್ಲಿಯೇ ಕೆಲವು ವಾರ ಬಿಟ್ಟು, ಅದು ಸ್ವಂತ ಬೇರನ್ನು ಹರಡಿಕೊಂಡಮೇಲೆ ಮಣ್ಣುಹೆಂಟೆಯೊಡನೆ ಎತ್ತಿ ನೆಡುವುದು.

ದಾಳಿಂಬೆ, ಗೂಟಿಯಿಂದ ಬಂದ ಸೀಬೆ ಇವುಗಳ ಬುಡದ ಚಿಗುರೂ ಪರಕೀಯವಲ್ಲ. ಆದರೆ ಅದು ಸಾರವನ್ನು ಹೀರಿ ಗಿಡವನ್ನು ಪೊದೆಯಾಗಿಸುವುದರಿಂದ, ದಾಳಿಂಬೆಯಲ್ಲಿ ಮೂರು ನಾಲ್ಕು ಕಾಂಡಗಳನ್ನುಳಿಸಿ ಮಿಕ್ಕುದನ್ನು ತೆಗೆಯುವರು. ಬಾಳೆಯು ಮರವೇ ಅಲ್ಲದಿದ್ದರೂ ಈ ವಿದ್ಯೆಯ ಗುರು: ಕಿರಿದಾದ ಎಲೆಯ ಕತ್ತಿಕಂದನ್ನು ಉಳಿಸಿ, ಅಗಲ ಎಲೆಯ ನೀರುಕಂದನ್ನು ಕಳೆಯುವುದು ನಮ್ಮ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಜಿಲ್ಲೆಯ ಪಶ್ಚಿಮದ ಕಾಫಿ ತೋಟಗಳಲ್ಲಿ ಚಿಗುರು ತೆಗೆಯುವುದು ವರ್ಷದ ಲೆಕ್ಕದಲ್ಲಿ ಸೇರಿದ ಕೂಲಿಯ ಕೆಲಸವೇ ಆಗಿದೆ.

ಶ್ರೀಗಂಧ: ಕಣ್ಣು ಮೊದಲು, ಕೈ ಆಮೇಲೆ

ಹಾಸನದ ಸೀಮೆಯಲ್ಲಿ ಬೇಲಿಯ ಸಾಲಿನಲ್ಲಿ ತಾನಾಗಿ ಎದ್ದ ಸಣ್ಣ ಗಿಡವನ್ನು ಸವರುವ ಮುನ್ನ ಒಂದು ಕ್ಷಣ ನಿಲ್ಲುವುದು ಲೇಸು. ಎದುರುಬದುರಾದ, ತೆಳ್ಳನೆಯ, ನುಣುಪಾದ ಅಂಡಾಕಾರದ ಎಲೆ. ಮೊದಲು ಒಣಹುಲ್ಲಿನ ಬಣ್ಣವಿದ್ದು ಆಮೇಲೆ ಕಂದುಗೆಂಪಿಗೆ ತಿರುಗುವ ಪುಟ್ಟ ಹೂವು. ಕಪ್ಪು ನೇರಳೆಯ ಗುಂಡು ಹಣ್ಣು: ಇದು ಶ್ರೀಗಂಧ. ಎಲೆಗೂ ಹೂವಿಗೂ ಪರಿಮಳವಿಲ್ಲದಿರುವುದರಿಂದ ಮೂಸಿ ನೋಡಿದವನು ಮೋಸಹೋಗುವನು. ಗಂಧವಿರುವುದು ಬಲಿತ ಮರದ ಚೇಗಿನಲ್ಲಿ.

ಶ್ರೀಗಂಧವು ಅರೆಪರಾವಲಂಬಿ; ಹೊಂಗೆ, ತೊಗರಿ, ಕರಿಬೇವು ಮುಂತಾದ ನೆರೆಯವರ ಬೇರಿಗೆ ತನ್ನ ಬೇರನ್ನು ಅಂಟಿಸಿ ಸಾರವನ್ನು ಪಡೆಯುತ್ತದೆ. ಅದರ ಬೇರಿಗೆ ನೇಗಿಲು ತಗುಲಿದ ಕಡೆ ಬೇರುಚಿಗುರು ಎದ್ದುಬರುವುದುಂಟು. ಹಕ್ಕಿಗಳು ಹಣ್ಣು ತಿಂದು ಉದುರಿಸಿದ ಬೀಜದಿಂದಲೂ ಸಸಿ ಹುಟ್ಟುತ್ತದೆ. ಎರಡೂ ಉಳಿಸಿಕೊಳ್ಳತಕ್ಕವೇ.

1792ರಲ್ಲಿ ಟಿಪ್ಪು ಸುಲ್ತಾನನು ಇದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಬಹುಕಾಲ ಇದು ಯಾರ ಹೊಲದಲ್ಲಿದ್ದರೂ ಸರ್ಕಾರದ ಸ್ವತ್ತಾಗಿಯೇ ಇತ್ತು. ಹೊಲದ ಒಡೆಯನಿಗೆ ಇದರ ಸಸಿ ಕಂಡರೆ ಭಯವೇ ಹೊರತು ಸಂತೋಷವಿರಲಿಲ್ಲ. ಅರಣ್ಯ ಕಾಯಿದೆಗೆ 2001ರಲ್ಲಿ ತಂದ ತಿದ್ದುಪಡಿಯ ತರುವಾಯ ಜಮೀನಿನ ಒಡೆಯನೇ ಮರದ ಒಡೆಯ. ಆದರೂ ಮರವನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬುಡದ ಚಿಗುರು ಗಂಧದ್ದೋ ಅಲ್ಲವೋ ಎಂಬ ಪ್ರಶ್ನೆ ಇಲ್ಲಿ ಬರಿಯ ಸಸ್ಯಶಾಸ್ತ್ರದ್ದಾಗಿ ಉಳಿಯುವುದಿಲ್ಲ.

> ತೆಂಗಿನ ಬುಡದಲ್ಲಿ ಚಿಗುರಿಲ್ಲ
>
> ಹಿರೀಸಾವೆಯ ಸುತ್ತೆಲ್ಲ ಹಬ್ಬಿರುವ ತೆಂಗಿಗೆ ಬೆಳೆಯುವ ಸುಳಿ ಒಂದೇ ಒಂದು. ಅದು ಕೆಟ್ಟರೆ ಬುಡದಿಂದ ಚಿಗುರಿ ಬದುಕುವ ಉಪಾಯ ಅದಕ್ಕಿಲ್ಲ. ಬುಡದಲ್ಲಿ ಏನಾದರೂ ಮೊಳೆತಂತೆ ಕಂಡರೆ ಅದು ಅಣಬೆಯಾಗಿರಬಹುದು. ಕಾಂಡದ ಬುಡದಿಂದ ಕಂದುಬಣ್ಣದ ಅಂಟುರಸ ಸೋರಿ, ಆಮೇಲೆ ಬುಡದಲ್ಲಿ ಗಟ್ಟಿಯಾದ ಅಣಬೆ ಮೂಡುವುದು ಗ್ಯಾನೋಡರ್ಮಾ ಶಿಲೀಂಧ್ರದ ‘ಅಣಬೆ ರೋಗ’ದ ಲಕ್ಷಣ. ಅಣಬೆಯನ್ನು ಕಿತ್ತೆಸೆದ ಮಾತ್ರಕ್ಕೆ ರೋಗ ಹೋಗದು. ರೋಗದ ಮರದ ಸುತ್ತ ಕಂದಕ ತೋಡಿ ನೆರೆಮರಗಳ ಬೇರಿನಿಂದ ಬೇರ್ಪಡಿಸುವುದೂ, ಬೇವಿನ ಹಿಂಡಿಯೊಡನೆ ಟ್ರೈಕೋಡರ್ಮಾ ಎಂಬ ಹಿತಕಾರಿ ಶಿಲೀಂಧ್ರವನ್ನು ಕೊಡುವುದೂ ರೂಢಿಯಲ್ಲಿರುವ ಕ್ರಮ.

ತೆಗೆಯುವ ವಿದ್ಯೆ

ತೆಗೆಯಲೇಬೇಕಾದ ಚಿಗುರನ್ನು ಹೇಗೆ ತೆಗೆಯಬೇಕೆಂಬುದು ಕಡೆಯ ಪ್ರಶ್ನೆ. ನೆಲಮಟ್ಟಕ್ಕೆ ಕತ್ತರಿಸುವುದು ಅತ್ಯಂತ ಸುಲಭವಾದ, ಅತ್ಯಂತ ನಿಷ್ಫಲವಾದ ಮಾರ್ಗ. ಕತ್ತರಿಸಿದ ತುಂಡಿನ ಬುಡದಲ್ಲಿ ಸುತ್ತಲೂ ಮೊಗ್ಗುಗಳು ಉಳಿದಿರುತ್ತವೆ. ಒಂದನ್ನು ಕಳೆದವನಿಗೆ ಅವು ಬಡ್ಡಿಸಮೇತ ಹಿಂದಿರುಗಿಸುತ್ತವೆ.

ಬೇರುಚಿಗುರಾದರೆ ಮಳೆ ಬಿದ್ದು ಮಣ್ಣು ಸಡಿಲವಾದ ದಿನ, ಮಣ್ಣನ್ನು ಕೈಯಿಂದ ಸರಿಸಿ, ಚಿಗುರು ಬೇರಿಗೆ ಕೂಡಿರುವ ಜಾಗವನ್ನು ಕಂಡುಕೊಂಡು, ಅಲ್ಲಿಂದ ಕೆಳಮುಖವಾಗಿ ಜಗ್ಗಿ ಕೀಳಬೇಕು. ಹೀಗೆ ಕಿತ್ತಾಗ ಬುಡದ ಮೊಗ್ಗುಗಳೂ ಚಿಗುರಿನೊಡನೆಯೇ ಬರುತ್ತವೆ. ಗುದ್ದಲಿಯಿಂದ ಆಳವಾಗಿ ಅಗೆಯಕೂಡದು; ಗಾಯವಾದ ಬೇರೆಲ್ಲ ಹೊಸ ಚಿಗುರಿಗೆ ತವರು. ಅಗೆಯುವುದರ ಬದಲು ತರಗನ್ನೂ ತೆಂಗಿನ ನಾರನ್ನೂ ದಪ್ಪವಾಗಿ ಹೊದಿಸುವುದು ಮೇಲು.

ಕಾಂಡದ ಬುಡದ ಚಿಗುರು ಬಲಿತಿದ್ದರೆ ಹರಿತವಾದ ಚಾಕುವಿನಿಂದ ಕಾಂಡಕ್ಕೆ ಅಂಟಿಕೊಂಡಂತೆ ಕೊಯ್ದು, ಗಾಯ ದೊಡ್ಡದಾದರೆ ಬೋರ್ಡೊ ಮುಲಾಮನ್ನು ಹಚ್ಚುವರು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 10 ಲೀಟರ್ ನೀರು.

ಕಳೆನಾಶಕವನ್ನು ಬೇರುಚಿಗುರಿನ ಮೇಲೆ ಸಿಂಪಡಿಸುವ ಪರಿಪಾಠವು ಈಚೆಗೆ ಹೆಚ್ಚುತ್ತಿದೆ. ಇದರಷ್ಟು ಅವಿವೇಕ ಮತ್ತೊಂದಿಲ್ಲ. ಗ್ಲೈಫೋಸೇಟಿನಂಥ ವಿಷವು ಎಲೆಯಿಂದ ಬೇರಿಗಿಳಿಯುವ ಸ್ವಭಾವದ್ದು. ಚಿಗುರಿನ ಬೇರೂ ತಾಯಿಮರದ ಬೇರೂ ಒಂದೇ ಆಗಿರುವಾಗ, ಮಗುವಿಗೆ ಹಾಕಿದ ವಿಷವು ತಾಯಿಯನ್ನು ಮುಟ್ಟದೆ ಇರದು.

ಮರವನ್ನೇ ಉರುಳಿಸಿಬಿಟ್ಟರೆ ಪೀಡೆ ತೊಲಗೀತೆಂಬ ನಂಬಿಕೆಗೂ ಆಧಾರವಿಲ್ಲ. ನಮ್ಮಲ್ಲಿ ಹೆಮ್ಮರವೆಂದೇ ಹೆಸರಾದ ಮರದ ಸಂಬಂಧಿಯಾದ ಚೀಣಾದೇಶದ ಐಲಾಂಥಸ್ ಎಂಬ ಮರವನ್ನು 1784ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಹ್ಯಾಮಿಲ್ಟನ್ ಎಂಬ ಶ್ರೀಮಂತನು ತನ್ನ ಉದ್ಯಾನದ ಅಲಂಕಾರಕ್ಕೆಂದು ತರಿಸಿದನು. ಕಡಿದಷ್ಟೂ ಬೇರಿನಿಂದ ಏಳುವ ಅದು ಇಂದು ಅಮೆರಿಕದ ನಗರಗಳಲ್ಲಿ ನಿವಾರಿಸಲಾಗದ ಕಳೆಯಾಗಿ ನಿಂತಿದೆ. ಆಕಾಶಮಲ್ಲಿಗೆಯನ್ನು ಕಡಿದ ಮೇಲೂ ಕೆಲವು ವರ್ಷ, ಎದ್ದ ಚಿಗುರನ್ನು ಎದ್ದಂತೆಯೇ ಕೀಳುತ್ತ ಬೇರಿನ ಸಂಗ್ರಹವನ್ನು ಬರಿದುಮಾಡುವ ತಾಳ್ಮೆ ಬೇಕಾಗುತ್ತದೆ.

> ಯಾವಾಗ, ಏನು
>
> • ಚೈತ್ರ, ವೈಶಾಖ: ಕಸಿಗಿಡಗಳ ಬುಡವನ್ನು ವಾರಕ್ಕೊಮ್ಮೆ ನೋಡಿ, ಗಂಟಿನ ಕೆಳಗಣ ಚಿಗುರನ್ನು ಎಳೆಯದಾಗಿರುವಾಗಲೇ ಒತ್ತಿ ತೆಗೆಯಿರಿ.
>
> • ಮುಂಗಾರು: ಕರಿಬೇವಿನ ಮರಿಗಳನ್ನು ಬೇರ್ಪಡಿಸುವ ಕಾಲ. ಬೇಡದ ಬೇರುಚಿಗುರನ್ನು ಕೀಳಲೂ ನೆಲ ಮೃದು.
>
> • ಕಾರ್ತಿಕ, ಮಾರ್ಗಶಿರ: ಆಕಾಶಮಲ್ಲಿಗೆ ಹೂಬಿಡುವುದರಿಂದ ಗುರುತಿಗೆ ತಕ್ಕ ಕಾಲ. ಎಲೆ, ಹೂವು, ತೊಗಟೆಗಳನ್ನು ನೋಡಿ ಬರೆದಿಟ್ಟುಕೊಳ್ಳಿ.

ಉಳಿಸತಕ್ಕ ಒಂದು

ತಾಲ್ಲೂಕು ಬದಲಾದಂತೆ ಕೆಲಸದ ಪ್ರಮಾಣವೂ ಬದಲಾಗುತ್ತದೆ. ಹೇಮಾವತಿಯ ದಡದ ಹೊಳೆನರಸೀಪುರದ ತೇವದ ಹಿತ್ತಲುಗಳಲ್ಲಿ, ಅರಕಲಗೂಡಿನ ಪಶ್ಚಿಮದ ಮಳೆ ಹೆಚ್ಚಿದ ಮಗ್ಗುಲಲ್ಲಿ ಬೇರುಚಿಗುರು ಕೈಗೆ ಬಿಡುವು ಕೊಡುವುದಿಲ್ಲ. ಹಿರೀಸಾವೆಯ ಒಣಬಯಲಿನಲ್ಲಿ ಅದು ಬಚ್ಚಲ ನೀರನ್ನೂ ಬಾವಿಕಟ್ಟೆಯ ತೇವವನ್ನೂ ಹುಡುಕಿಕೊಂಡು ಹೋಗುತ್ತದೆ. ಚಿಗುರು ಎಲ್ಲಿ ಎದ್ದಿದೆಯೆಂಬುದನ್ನು ಗಮನಿಸಿದರೆ ಬೇರು ಎತ್ತ ಹರಿದಿದೆಯೆಂಬುದೂ, ಮುಂದೆ ಗೋಡೆಗೂ ಬಾವಿಯ ಕಟ್ಟಡಕ್ಕೂ ಅಪಾಯವುಂಟೇ ಎಂಬುದೂ ಗೊತ್ತಾಗುತ್ತದೆ.

ಹಿತ್ತಲ ಯಜಮಾನನಿಗೆ ಹೇಳತಕ್ಕ ಮಾತು ಇನ್ನೊಂದುಂಟು. ಆಕಾಶಮಲ್ಲಿಗೆಯ ಮರ ಪೆಡಸು. ಗಾಳಿಗೆ ಕೊಂಬೆ ಮುರಿಯುತ್ತದೆ, ಮುದಿಯಾದ ಮರ ಉರುಳುವುದೂ ಉಂಟು. ಮನೆಗೆ ಅಂಟಿಕೊಂಡಿರುವ ಹಳೆಯ ಮರವನ್ನು ಎಂದಾದರೊಮ್ಮೆ ತೆಗೆಸಲೇಬೇಕಾಗುತ್ತದೆ. ಅದಕ್ಕೆ ಮುಂಚೆಯೇ, ಗೋಡೆಯಿಂದಲೂ ತಂತಿಯಿಂದಲೂ ದೂರದಲ್ಲಿ ಎದ್ದಿರುವ ನೇರವಾದ ಒಂದು ಚಿಗುರನ್ನು ಆರಿಸಿ, ತಾಯಿಬೇರಿನಿಂದ ಬೇರ್ಪಡಿಸಿ, ಅದನ್ನು ಮಾತ್ರ ಬೆಳೆಯಗೊಟ್ಟು, ಉಳಿದುವನ್ನು ಕೀಳುವುದು ಜಾಣತನ.

ಆ ಚಿಗುರು ಹಳೆಯ ಮರದ ಸಂತಾನವೆನ್ನುವುದಕ್ಕಿಂತ ಹಳೆಯ ಮರವೇ ಎನ್ನುವುದು ಸರಿ. ಅದರ ಜೀವಧಾತುವೆಲ್ಲ ತದ್ವತ್ತಾಗಿ ಇದರಲ್ಲಿದೆ. ಅಮೆರಿಕದ ಯೂಟಾ ಸಂಸ್ಥಾನದಲ್ಲಿ ಪಾಂಡೋ ಎಂದು ಕರೆಯುವ ಆಸ್ಪೆನ್ ತೋಪೊಂದು ಸುಮಾರು 106 ಎಕರೆಗಳಲ್ಲಿ ಹಬ್ಬಿ, ಸುಮಾರು 47,000 ಕಾಂಡಗಳಿಂದ ಕೂಡಿದ್ದರೂ, ಬೇರಿನಿಂದ ಬೇರಿಗೆ ಚಿಗುರುತ್ತ ಬಂದ ಒಂದೇ ಮರವಾಗಿದೆ. ಅಲ್ಲಿ ಎಳೆಯ ಚಿಗುರನ್ನು ಜಿಂಕೆ, ದನಗಳು ಮೇದುಬಿಡುವುದರಿಂದ ಮುದಿಕಾಂಡಗಳಿಗೆ ಉತ್ತರಾಧಿಕಾರಿಗಳಿಲ್ಲದಂತಾಗಿ, ಬೇಲಿ ಕಟ್ಟಿ ಚಿಗುರನ್ನು ಕಾಯುತ್ತಿದ್ದಾರೆ. ಹಿರೀಸಾವೆಯ ಹಿತ್ತಲಿಗೆ ಅಷ್ಟು ದೊಡ್ಡ ಬೇಲಿ ಬೇಕಾಗಿಲ್ಲ. ಆರಿಸಿದ ಒಂದು ಚಿಗುರಿನ ಸುತ್ತ, ಮೇಕೆ ಬಾರದಷ್ಟು ಮುಳ್ಳು ಮುಚ್ಚಿದರೆ ಸಾಕು.